ಜವಾರಿ ಐತೇನ್ರಿ?

ಬೆಳಗಾವಿಯ ಗಣಪತ ಗಲ್ಲಿಯಲ್ಲಿ ಶನಿವಾರ ಬೆಳಿಗ್ಗೆ ಚೀಲ ಹಿಡಿದು ಹತ್ತು ನಿಮಿಷ ನಿಂತರೆ ಒಂದು ಪ್ರಶ್ನೆ ಐದಾರು ಸಲವಾದರೂ ಕಿವಿಗೆ ಬೀಳುತ್ತದೆ: ‘ಜವಾರಿ ಐತೇನ್ರಿ?’ ಮರಾಠಿಯವರು ಅದನ್ನೇ ‘ಗಾವಠಿ ಆಹೆ ಕಾ?’ ಎನ್ನುತ್ತಾರೆ. ಸವತಿಕಾಯಿಗೂ ಅದೇ ಪ್ರಶ್ನೆ, ಕೊತ್ತಂಬರಿಗೂ ಅದೇ, ಬದನೀಕಾಯಿಗೂ ಅದೇ, ಕೊನೆಗೆ ತತ್ತಿಗೂ ಅದೇ. ‘ಸಾವಯವ ಐತೇನ್ರಿ?’ ಎಂದು ಕೇಳಿದವರನ್ನು ನಾನು ಅಲ್ಲಿ ಈವರೆಗೆ ಕಂಡಿಲ್ಲ. ಆ ಶಬ್ದ ಕೃಷಿ ಇಲಾಖೆಯ ಕರಪತ್ರದಲ್ಲಿದೆ, ಟಿಳಕವಾಡಿಯ ತಣ್ಣನೆಯ ಅಂಗಡಿಗಳ ಕಪಾಟಿನಲ್ಲಿದೆ. ಸಂತೆಯ ಬಾಯಿಗೆ ಇನ್ನೂ ಹತ್ತಿಲ್ಲ.

ಎರಡೂ ಒಂದೇ ಎಂದುಕೊಂಡವರೇ ಹೆಚ್ಚು. ಜವಾರಿ ಎನ್ನುವುದು ಬೀಜದ ಮಾತು: ಈ ನೆಲಕ್ಕೆ ಒಗ್ಗಿದ, ಬೀಜ ಹಿಡಿದಿಟ್ಟರೆ ಬರುವ ವರ್ಷವೂ ಅದೇ ಕಾಯಿ ಕೊಡುವ ತಳಿ. ಸಾವಯವ ಎನ್ನುವುದು ಬೆಳೆಸುವ ಬಗೆ. ಜವಾರಿ ಸವತಿಗೆ ಧಾರಾಳವಾಗಿ ಯೂರಿಯಾ ಸುರಿಯಬಹುದು. ಹೈಬ್ರಿಡ್ ಟೊಮ್ಯಾಟೊವನ್ನು ಬರೀ ತಿಪ್ಪೆಗೊಬ್ಬರದಲ್ಲಿ ಬೆಳೆಯಬಹುದು. ದೇಶದ ಸಾವಯವ ನಿಯಮಗಳು ಕುಲಾಂತರಿ ಬೀಜವನ್ನು ಹೊರಗಿಡುತ್ತವೆಯೇ ಹೊರತು ಹೈಬ್ರಿಡ್ ಬೀಜವನ್ನಲ್ಲ. ಆದರೆ ಗಿರಾಕಿಗೆ ಇಷ್ಟು ಗೊಡವೆ ಬೇಡ. ‘ಜವಾರಿ’ ಎಂದರೆ ರುಚಿಯೂ ಬಂತು, ವಿಷವಿಲ್ಲವೆಂಬ ಭರವಸೆಯೂ ಬಂತು ಎಂದು ಆತ ಎರಡು ರೂಪಾಯಿ ಹೆಚ್ಚಿಗೆ ಕೊಡುತ್ತಾನೆ.

ಖಾನಾಪುರ ಕಡೆಯಿಂದ ಬೆಳಗಿನ ಬಸ್ಸಿಗೆ ಬುಟ್ಟಿ ಏರಿಸಿಕೊಂಡು ಬರುವ ಒಬ್ಬ ಆಯಿಯ ಹತ್ತಿರ ನಾನು ಏಳೆಂಟು ವರ್ಷದಿಂದ ಪಲ್ಯ ಕೊಳ್ಳುತ್ತೇನೆ. ಕೇಳಿದವರಿಗೆಲ್ಲ ಅವರದು ಒಂದೇ ಉತ್ತರ: ‘ಎಣ್ಣಿ ಹೊಡದಿಲ್ರಿ, ಸರಕಾರಿ ಗೊಬ್ಬರ ಹಾಕಿಲ್ರಿ.’ ನಮ್ಮ ಕಡೆ ಕೀಟನಾಶಕಕ್ಕೆ ಎಣ್ಣಿ ಎನ್ನುತ್ತಾರೆ, ರಾಸಾಯನಿಕ ಗೊಬ್ಬರಕ್ಕೆ ಸರಕಾರಿ ಗೊಬ್ಬರ. ಒಂದು ದಿನ ಗಿರಾಕಿ ಕಡಿಮೆ ಇದ್ದಾಗ ಕೇಳಿದೆ: ‘ಅದನ್ನ ಹಾಕಿಲ್ಲ, ಇದನ್ನ ಹಾಕಿಲ್ಲ. ಹಂಗಾರ ಏನ್ ಹಾಕೀರಿ ಆಯಿ?’

ಅವರು ಮೆಂತೆ ಪೆಂಡಿಗೆ ನೀರು ಚಿಮುಕಿಸುವುದನ್ನು ಬಿಟ್ಟು ನನ್ನ ಮುಖ ನೋಡಿದರು. ‘ಎರಡ ಎಮ್ಮಿ ಅದಾವ್ರಿ, ಒಂದ ಆಕಳಾ. ಸೆಗಣಿ, ಬೂದಿ, ದರಗ. ಮತ್ತೇನ ಹಾಕೂದೈತಿ? ಹಾಕಾಕರ ಎಲ್ಲಿ ಸಾಲತೈತ್ರಿ?’

ಆ ಕೊನೆಯ ಮಾತು ಮನೆಯವರೆಗೂ ನನ್ನ ಜತೆ ಬಂತು. ಸಾವಯವದ ಬಗ್ಗೆ ನಾವು ಆಡುವ ಮಾತೆಲ್ಲ ಏನು ಹಾಕಲಿಲ್ಲ ಎಂಬುದರ ಸುತ್ತಲೇ ಇದೆ. ಏನು ಹಾಕಿದೆವು, ಅದು ಸಾಕಾಯಿತೇ ಎಂಬ ಲೆಕ್ಕವನ್ನು ಮಾಡುವವರು ಕಡಿಮೆ. ಆ ಲೆಕ್ಕವನ್ನು ಮೊದಲು ನಮ್ಮ ಮನೆಯ ಹಿತ್ತಲದಿಂದಲೇ ಹಿಡಿದೆ.

ನಾಲ್ಕು ಮಂದಿಯ ಮನೆಯಲ್ಲಿ ದಿನಕ್ಕೆ ಒಂದು ಕಿಲೋ ಆಸುಪಾಸು ಹಸಿ ಕಸ ಬೀಳುತ್ತದೆ: ಸಿಪ್ಪೆ, ದಂಟು, ಚಹಾದ ಚರಟ, ಮುಸುರೆ. ವರ್ಷಕ್ಕೆ 365 ಕಿಲೋ. ಕೊಳೆತು ಗೊಬ್ಬರವಾಗುವಾಗ ನೀರು, ಗಾಳಿ ಹೋಗಿ ನಾಲ್ಕು–ಐದರಲ್ಲಿ ಒಂದು ಪಾಲು ಉಳಿದರೂ 80 ಕಿಲೋ. ತರಕಾರಿಗೆ ಹೆಕ್ಟೇರಿಗೆ 25 ಟನ್ ಕೊಟ್ಟಿಗೆ ಗೊಬ್ಬರ ಎನ್ನುವುದು ರೂಢಿಯ ಶಿಫಾರಸು. ಅಂದರೆ ಒಂದು ಚದರ ಮೀಟರಿಗೆ ಎರಡೂವರೆ ಕಿಲೋ. 80 ಕಿಲೋ ಗೊಬ್ಬರ 32 ಚದರ ಮೀಟರಿಗೆ ಸಾಕು. ಗುಂಟೆಯ ಮೂರನೇ ಒಂದು ಪಾಲು. ಭಾಗ್ಯನಗರ, ಹಿಂದವಾಡಿಯ ಹಳೆಯ ಮನೆಗಳ ಹಿತ್ತಲ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಮನೆಯ ಕಸ, ಮನೆಯ ಹಿತ್ತಲ ಒಂದಕ್ಕೊಂದು ಅಳತೆ ಕೊಟ್ಟು ಹೊಲಿಸಿದ ಹಾಗೆ ಹೊಂದುವುದನ್ನು ನೋಡಿ ನನಗೇ ಸೋಜಿಗವಾಯಿತು.

ಕೊಳೆಸುವುದು ಕಷ್ಟದ ಕೆಲಸವಲ್ಲ, ಆದರೆ ಹೆಚ್ಚಿನವರು ಎರಡನೇ ವಾರಕ್ಕೆ ಬಿಟ್ಟುಬಿಡುತ್ತಾರೆ. ನಾರುತ್ತದೆ, ಹುಳ ಆಗುತ್ತದೆ ಎನ್ನುತ್ತಾರೆ. ಕಾರಣ ಒಂದೇ, ಬರೀ ಹಸಿ ಹಾಕುವುದು. ಕೊಳೆಸುವ ಸೂಕ್ಷ್ಮಜೀವಿಗಳಿಗೆ ಒಂದು ಪಾಲು ಸಾರಜನಕಕ್ಕೆ 25–30 ಪಾಲು ಇಂಗಾಲ ಬೇಕು. ಅಡುಗೆಮನೆಯ ಕಸದಲ್ಲಿ ಇಂಗಾಲ ಇದಕ್ಕಿಂತ ಬಹಳ ಕಡಿಮೆ, ಒಣ ಎಲೆಯಲ್ಲಿ, ಅಂದರೆ ದರಗಿನಲ್ಲಿ, ಬಹಳ ಹೆಚ್ಚು. ಒಂದು ಬುಟ್ಟಿ ಹಸಿಯ ಮೇಲೆ ಎರಡು ಬುಟ್ಟಿ ದರಗು ಹಾಕಿದರೆ ವಾಸನೆ ಬರುವುದಿಲ್ಲ. ದರಗಿಗೆ ಬೆಳಗಾವಿಯಲ್ಲಿ ಬರವೇ? ಶಿವರಾತ್ರಿಯ ಸುಮಾರಿಗೆ ಕ್ಯಾಂಪಿನ ರಸ್ತೆಗಳಲ್ಲಿ ನಡೆದು ನೋಡಿ. ಗುಡಿಸಿ ಗುಡ್ಡೆ ಹಾಕಿ ಬೆಂಕಿ ಇಡುತ್ತಾರೆ, ಇಡೀ ಬೀದಿ ಕೆಮ್ಮುತ್ತದೆ. ನಾನು ಆ ತಿಂಗಳಲ್ಲಿ ಗೋಣಿಚೀಲ ಹಿಡಿದು ಹೋಗುತ್ತೇನೆ. ಪರಿಚಯದವರು ಕಂಡರೆ ಸ್ವಲ್ಪ ನಾಚಿಕೆಯಾಗುತ್ತದೆ, ಅಷ್ಟೇ.

ಪಾತ್ರೆ ಏನು ಎಂದು ಬಹಳ ಮಂದಿ ಕೇಳುತ್ತಾರೆ. ಸಾವಿರಾರು ರೂಪಾಯಿಯ ಪ್ಲಾಸ್ಟಿಕ್ ಡಬ್ಬಿಗಳು ಬಂದಿವೆ. ಕುಂಬಾರಿಕೆಗೆ ಹೆಸರಾದ ಖಾನಾಪುರ 26 ಕಿಲೋಮೀಟರ್ ದೂರದಲ್ಲಿರುವಾಗ ಅವು ಯಾಕೆ ಬೇಕೋ ತಿಳಿಯದು. ಮೈಗೆ ನಾಲ್ಕಾರು ತೂತು ಮಾಡಿದ ದೊಡ್ಡ ಗಡಿಗೆ ಸಾಕು. ಮಣ್ಣಿನ ಗೋಡೆ ತಾನೇ ಉಸಿರಾಡುತ್ತದೆ. ತೂತು ಮಾಡದ ಚಿಕ್ಕ ಗಡಿಗೆಯೊಂದನ್ನು ಬೇಸಿಗೆಯಲ್ಲಿ ಗಿಡದ ಬುಡದಲ್ಲಿ ಕುತ್ತಿಗೆವರೆಗೆ ಹೂತು ನೀರು ತುಂಬಿಸಿ ಮುಚ್ಚಿದರೆ, ಬೇರಿಗೆ ಬೇಕಾದಷ್ಟೇ ನೀರು ಜಿನುಗುತ್ತದೆ. ಏಪ್ರಿಲ್ ರಜೆಯಲ್ಲಿ ಎರಡು ದಿನ ಊರಿಗೆ ಹೋಗಿಬರಲು ಇದಕ್ಕಿಂತ ಸುಲಭದ ಉಪಾಯ ನನಗೆ ಕಂಡಿಲ್ಲ.

ಈಗ ಆಯಿಯ ಲೆಕ್ಕಕ್ಕೆ ಬರೋಣ. ಅವರಿಗೆ ಕಾಯಿಪಲ್ಯದ ಜಾಗ 15 ಗುಂಟೆ, ಬೇರೆ ಒಂದೆಕರೆ ಭತ್ತ. ಗುಂಟೆಗೆ 250 ಕಿಲೋ ಹಿಡಿದರೂ ಪಲ್ಯದ ಜಾಗಕ್ಕೇ 3750 ಕಿಲೋ ಗೊಬ್ಬರ ಬೇಕು. ಮೂರು ದನಗಳ ಸೆಗಣಿ ದಿನಕ್ಕೆ 35 ಕಿಲೋ ಎಂದರೆ ವರ್ಷಕ್ಕೆ 12–13 ಟನ್. ಓದಿದರೆ ಬಹಳ ಅನಿಸುತ್ತದೆ. ಅದರಲ್ಲಿ ಅರ್ಧ ಮೇಯಲು ಹೋದ ಗುಡ್ಡದಲ್ಲಿ ಬಿದ್ದಿತು, ಕುಳ್ಳಿಗೆ, ಸಾರಣೆಗೆ ಹೋಯಿತು. ಉಳಿದ ಆರು ಟನ್ ತಿಪ್ಪೆಯಲ್ಲಿ ಕಳಿತು ಮೂರಾಯಿತು. ಪಲ್ಯಕ್ಕೇ ಕೊರತೆ, ಭತ್ತಕ್ಕೆ ಎಲ್ಲಿಂದ ತರಬೇಕು? ‘ಎಲ್ಲಿ ಸಾಲತೈತ್ರಿ’ ಎಂದು ಅವರು ಸುಮ್ಮನೆ ಅಂದದ್ದಲ್ಲ. ಅವರ ಊರಲ್ಲಿ ಟ್ರ್ಯಾಕ್ಟರ್ ಬಂದು ಎತ್ತು ಮಾರಿದ ಮನೆಗಳೇ ಹೆಚ್ಚು. ಅಂಥವರು ನಾಳೆಯಿಂದ ಸಾವಯವ ಮಾಡುತ್ತೇನೆಂದು ಸಂಕಲ್ಪ ಮಾಡಿದರೂ ಹೊಲಕ್ಕೆ ಒಯ್ಯಲು ಬುಟ್ಟಿಯಲ್ಲಿ ಏನೂ ಇಲ್ಲ.

ಇಲ್ಲಿಯೇ ಜೀವಾಮೃತದ ಹೆಸರು ಬರುತ್ತದೆ. ವಿದರ್ಭದ ಸುಭಾಷ ಪಾಳೇಕರರು ಹೇಳಿಕೊಟ್ಟ ಈ ಪಾಕ ಕರ್ನಾಟಕದ ರೈತ ಸಂಘದ ಶಿಬಿರಗಳ ಮೂಲಕ ಹಳ್ಳಿಹಳ್ಳಿಗೆ ಹೋಯಿತು. ಅವರಿಗೆ 2016ರಲ್ಲಿ ಪದ್ಮಶ್ರೀ ಬಂತು. 200 ಲೀಟರ್ ನೀರಿಗೆ 10 ಕಿಲೋ ಸೆಗಣಿ, 5–10 ಲೀಟರ್ ಗೋಮೂತ್ರ, ಎರಡು ಕಿಲೋ ಬೆಲ್ಲ, ಎರಡು ಕಿಲೋ ದ್ವಿದಳ ಧಾನ್ಯದ ಹಿಟ್ಟು, ಬದುವಿನ ಒಂದು ಹಿಡಿ ಮಣ್ಣು. ತಿಂಗಳಿಗೊಂದು ಸಲ ಎಕರೆಗೆ ಇಷ್ಟು ಸಾಕು, ಒಂದು ಜವಾರಿ ಆಕಳಿನಿಂದ 30 ಎಕರೆ ಎನ್ನುವುದು ಅವರ ವಾದ. ಆ ಡ್ರಮ್ಮಿನಲ್ಲಿರುವ ಸಾರಜನಕವನ್ನೆಲ್ಲ ಕೂಡಿಸಿದರೆ 200–250 ಗ್ರಾಮ್, ಅರ್ಧ ಕಿಲೋ ಯೂರಿಯಾದಲ್ಲಿರುವಷ್ಟು. ಒಂದೆಕರೆ ಭತ್ತ ನೆಲದಿಂದ ಎತ್ತುವುದು ಹತ್ತಾರು ಕಿಲೋ. ಹಾಗಾದರೆ ಪಾಳೇಕರರು ಹೇಳುವುದು ಸುಳ್ಳೇ? ಅವರೇ ಅದನ್ನು ಗೊಬ್ಬರ ಎಂದು ಕರೆದಿಲ್ಲ, ಹೆಪ್ಪು ಎಂದಿದ್ದಾರೆ. ಹೆಪ್ಪು ಹಾಕಿದರೆ ಮೊಸರಾಗುವುದು ಪಾತ್ರೆಯಲ್ಲಿ ಹಾಲಿದ್ದರೆ ತಾನೆ. ಹೊದಿಕೆ, ನಡುನಡುವೆ ದ್ವಿದಳ ಬೆಳೆ, ನೆಲದಲ್ಲಿ ಇಂಗಾಲ — ಇದು ಹಾಲು. ಶಿಬಿರದಿಂದ ಮನೆಗೆ ಬಂದವರು ಡ್ರಮ್ಮನ್ನಷ್ಟೇ ನೆನಪಿಟ್ಟುಕೊಂಡರು. ಎರಡು ವರ್ಷ ಇಳುವರಿ ಬಿದ್ದ ಮೇಲೆ ಸೊಸೈಟಿಯ ಯೂರಿಯಾ ಸಾಲಿಗೆ ಮರಳಿದರು. 2021ರಲ್ಲಿ ಶ್ರೀಲಂಕಾ ಸರ್ಕಾರ ರಾತ್ರೋರಾತ್ರಿ ರಾಸಾಯನಿಕ ಗೊಬ್ಬರದ ಆಮದು ನಿಲ್ಲಿಸಿ, ಕೆಲವೇ ತಿಂಗಳಲ್ಲಿ ಹಿಂದೆ ಸರಿದರೂ ಭತ್ತದ ಇಳುವರಿ ಕುಸಿದದ್ದೂ ಇದೇ ಕತೆ, ಅಳತೆ ಮಾತ್ರ ದೊಡ್ಡದು.

ಹಾಲು ಎಲ್ಲಿಂದ ತರುವುದು ಎಂಬುದಕ್ಕೆ ಉತ್ತರ ನಮ್ಮ ಜಿಲ್ಲೆಯಲ್ಲೇ ಇದೆ. ಬೇಡಕಿಹಾಳದ ಸುರೇಶ ದೇಸಾಯಿಯವರು ಕಬ್ಬಿನ ರವದಿಗೆ (ಒಣ ಎಲೆಗೆ) ಬೆಂಕಿ ಇಡದೆ ಸಾಲಿನಲ್ಲಿ ಹೊದಿಸಿ, ಕಡಿಮೆ ನೀರಿನಲ್ಲಿ ಕಬ್ಬು ಬೆಳೆದು ತೋರಿಸಿದರು. ನಮ್ಮ ಊರಿಗೇ ಅಂಟಿಕೊಂಡ ಯಳ್ಳೂರು, ಶಹಾಪುರ, ವಡಗಾವಿ, ಅನಗೋಳದ ಕಪ್ಪು ನೆಲದಲ್ಲಿ ಬೆಳಗಾವಿ ಬಾಸುಮತಿ ಕೊಯ್ದ ಮೇಲೆ ಉಳಿದ ಹಸಿಯಲ್ಲೇ ಕಡಲೆ, ಮಸೂರಿ, ವಟಾಣಿ ಬಿತ್ತುವ ಪದ್ಧತಿ ಹಳೆಯದು. ಅವುಗಳ ಬೇರಿನ ಗಂಟಿನಲ್ಲಿರುವ ಜೀವಿಗಳು ಗಾಳಿಯ ಸಾರಜನಕವನ್ನು ನೆಲಕ್ಕೆ ಇಳಿಸುತ್ತವೆ. ಇದನ್ನು ಯಾವ ಶಿಬಿರದಲ್ಲೂ ಯಾರೂ ಕಲಿಸಿದ್ದಲ್ಲ. ಖಾನಾಪುರದ ಕಡೆ ಬದುವಿಗೆ ಗ್ಲಿರಿಸಿಡಿಯ ನೆಟ್ಟವರು ಮಳೆಗಾಲಕ್ಕೆ ಮುಂಚೆ ಅದನ್ನು ಸವರಿ ಗದ್ದೆಗೆ ತುಳಿಯುತ್ತಾರೆ. ಕಾಡಿನ ದರಗು ತರುವ ರೂಢಿಯೂ ಇದೆ. ಆದರೆ ಕಾಡೂ ಆ ದರಗನ್ನೇ ತಿಂದು ಬದುಕುವುದು, ಮತ್ತು 2011ರಲ್ಲಿ ಭೀಮಗಡ ವನ್ಯಧಾಮವಾದ ಮೇಲೆ ಆ ಸುತ್ತಿನಲ್ಲಿ ಬುಟ್ಟಿ ಹಿಡಿದು ಒಳಗೆ ಹೋಗುವುದು ಮೊದಲಿನ ಹಾಗಿಲ್ಲ.

ನೆಲದ ಮಾತು ಬಂದದ್ದರಿಂದ ಒಂದು ಎಚ್ಚರಿಕೆ. ಬೂದಿ ಹಾಕಿ, ಸುಣ್ಣ ಹಾಕಿ ಎಂಬ ಸಲಹೆ ಮೊಬೈಲಿನಲ್ಲಿ ದಿನಾ ಬರುತ್ತದೆ. ಊರಿನ ಪಶ್ಚಿಮಕ್ಕೆ ಹಿಂಡಲಗಾ, ಉಚಗಾವ ದಾಟಿ ಖಾನಾಪುರದ ಘಟ್ಟದವರೆಗೆ ಇರುವುದು ಜಂಬಿಟ್ಟಿಗೆಯ ಕೆಂಪು ನೆಲ. ಬೆಳಗಾವಿಗೆ ವರ್ಷಕ್ಕೆ ಸುಮಾರು 1300 ಮಿ.ಮೀ. ಮಳೆಯಾದರೆ, ಮಲಪ್ರಭೆ ಹುಟ್ಟುವ ಕಣಕುಂಬಿಯಲ್ಲಿ ಅದರ ಎರಡು–ಮೂರು ಪಟ್ಟು. ಅಷ್ಟು ನೀರು ಸಾವಿರಾರು ವರ್ಷ ತೊಳೆದ ನೆಲ ಹುಳಿಯಾಗಿರುತ್ತದೆ, ಅದರಲ್ಲಿನ ಕಬ್ಬಿಣ ರಂಜಕವನ್ನು ಹಿಡಿದು ಬಿಡುವುದಿಲ್ಲ. ಅಲ್ಲಿ ಬೂದಿ ಔಷಧ. ಶಹಾಪುರದ ಕಪ್ಪು ನೆಲ ಹುಳಿ ಅಲ್ಲ, ಕ್ಷಾರದ ಕಡೆಗೆ ವಾಲುವಂಥದು. ಅಲ್ಲಿ ಬೂದಿ ಸುರಿದರೆ ಇದ್ದದ್ದೂ ಕೆಡುತ್ತದೆ. ಒಂದೇ ಊರು, ಎರಡು ನೆಲ. ಮಣ್ಣು ಪರೀಕ್ಷೆಗೆ ಕೊಡಲು ಬೇಜಾರಾದರೆ ಬಣ್ಣವನ್ನಾದರೂ ನೋಡಬೇಕು.

ಮಾಳಿಗೆ ತೋಟದವರಿಗೆ ನೆಲದ ಚಿಂತೆ ಇಲ್ಲ, ಚೀಲದ ಚಿಂತೆ. ಮೂರು ವರ್ಷದ ಹಿಂದೆ ನಾನೂ ಒಂದು ಅಂಗಡಿಯಿಂದ ‘ಶುದ್ಧ ಸಾವಯವ’ ಎಂದು ಅಚ್ಚು ಹಾಕಿದ ಎಂಟು ಚೀಲ ಎರೆಗೊಬ್ಬರ ತಂದು, ಬದನೆ, ಮೆಣಸಿನ ಸಸಿ ನಾಟಿ ಮಾಡಿದೆ. ಹತ್ತು ದಿನದಲ್ಲಿ ಎಲೆ ಹಳದಿಯಾಗಿ ಒಂದೊಂದೇ ಮಲಗಿದವು. ಚೀಲದೊಳಗೆ ಕೈ ಹಾಕಿದರೆ ಬಿಸಿ! ಕಳಿಯದ ಸೆಗಣಿಯನ್ನು ಜರಡಿ ಹಿಡಿದು ತುಂಬಿದ್ದರು. ಅರೆ ಕಳಿತ ಗೊಬ್ಬರ ಗಿಡಕ್ಕೆ ಉಣಿಸುವ ಮೊದಲು ತಾನೇ ಸಾರಜನಕ ತಿನ್ನುತ್ತದೆ, ಬೇರು ಸುಡುತ್ತದೆ. ಅಂದಿನಿಂದ ಹೊಸ ಚೀಲ ಬಂದರೆ ಒಂದು ಹಿಡಿಯನ್ನು ಬಟ್ಟಲಲ್ಲಿ ಹಾಕಿ ಮೆಂತೆ ಚೆಲ್ಲುತ್ತೇನೆ. ನಾಲ್ಕು ದಿನದಲ್ಲಿ ಮೊಳಕೆ ಹಸಿರಾಗಿ ಎದ್ದರೆ ಸರಿ, ಇಲ್ಲವಾದರೆ ಚೀಲ ಎರಡು ತಿಂಗಳು ಮೂಲೆಯಲ್ಲಿ ಕೂಡುತ್ತದೆ.

ಮಳೆಗಾಲದಲ್ಲಿ ಇಲ್ಲಿ ಮಾಳಿಗೆ ತೋಟ ಎನ್ನುವುದು ಬಹುಪಾಲು ಹಟ. ಜುಲೈನಲ್ಲಿ ವಾರಗಟ್ಟಲೆ ಬಿಸಿಲು ಕಾಣುವುದಿಲ್ಲ, ಸಸಿಯ ಬುಡ ಕೊಳೆಯುತ್ತದೆ, ಕುಂಡದ ಸತ್ತ್ವವೆಲ್ಲ ನೀರಿನ ಜತೆ ಕೊಳವೆಯಲ್ಲಿ ಇಳಿದು ಹೋಗುತ್ತದೆ. ಹೀರೆ, ಸವತಿ ಬಳ್ಳಿ ತಡೆದಾವು. ರಾಜಗಿರಿ, ಮೆಂತೆ, ಪಾಲಕ, ಸಬ್ಬಸಗಿಗೆ ದೀಪಾವಳಿ ದಾಟಲಿ. ಬೆಳಗಾವಿಯ ಚಳಿ ಸೊಪ್ಪಿಗೆ ಹೇಳಿ ಮಾಡಿಸಿದ್ದು.

ಹುಳದ ವಿಷಯದಲ್ಲಿ ಸಾವಯವ ಎಂದರೆ ಏನೂ ಹೊಡೆಯದಿರುವುದು ಎಂಬ ಭ್ರಮೆ ಬೇಡ. ಬೇವಿನ ಬೀಜದ ಶೇ 5ರ ಕಷಾಯ ಒಳ್ಳೆಯದು. ಬದನೆಯ ಕುಡಿ ಬಾಡಿ ಬಾಗಿದ ದಿನವೇ ಒಳಗಿನ ಹುಳ ಸಮೇತ ಚಿವುಟಿ ತೆಗೆಯುವುದು ಇನ್ನೂ ಒಳ್ಳೆಯದು. ನಿಪ್ಪಾಣಿ ನಮ್ಮ ಜಿಲ್ಲೆಯಲ್ಲೇ ಇರುವುದರಿಂದ ತಂಬಾಕು ಕುದಿಸಿ ಹೊಡೆಯುವವರು ಬಹಳ. ಮನೆಯಲ್ಲೇ ಕುದಿಸಿದ್ದು, ಆದ್ದರಿಂದ ನಿರಪಾಯ ಎನ್ನುತ್ತಾರೆ. ನಿಕೋಟಿನ್ ನರಕ್ಕೆ ತಾಗುವ ಕಡು ವಿಷ. ಹುಳಕ್ಕೂ, ಜೇನಿಗೂ, ನಿಮಗೂ. ಮೇಲಾಗಿ ತಂಬಾಕಿನ ಮೊಸಾಯಿಕ್ ವೈರಸ್ ಟೊಮ್ಯಾಟೊಗೂ ಮೆಣಸಿನ ಗಿಡಕ್ಕೂ ಅಂಟುತ್ತದೆ. ತಂಬಾಕು ತಿಕ್ಕಿದ ಕೈಯಲ್ಲಿ ಸಸಿ ಮುಟ್ಟಬಾರದು ಎನ್ನುವುದು ಇದಕ್ಕೇ.

ಕಾಗದದ ಮಾತು ಬೇಗ ಮುಗಿಸುತ್ತೇನೆ, ಆದರೆ ಸಣ್ಣ ಬೆಳೆಗಾರರು ತಿಳಿದಿರಬೇಕಾದ ಒಂದು ಸಂಗತಿ ಅದರಲ್ಲಿದೆ. ಸಾವಯವ ಕೃಷಿಗೆಂದೇ ನೀತಿ ಮಾಡಿದ ಮೊದಲ ರಾಜ್ಯ ನಮ್ಮದು, 2004ರಲ್ಲಿ. ರಫ್ತಿಗೆ ಬೇಕಾಗುವ ಪೂರ್ಣ ಪ್ರಮಾಣಪತ್ರಕ್ಕೆ ವಾರ್ಷಿಕ ಬೆಳೆಯ ಹೊಲ ಎರಡು ವರ್ಷ, ಬಹುವಾರ್ಷಿಕ ತೋಟ ಮೂರು ವರ್ಷ ಪರಿವರ್ತನೆಯಲ್ಲಿರಬೇಕು, ಖರ್ಚೂ ಇದೆ. ಅಕ್ಕಪಕ್ಕದ ಐದಾರು ರೈತರು ಗುಂಪು ಕಟ್ಟಿ ಒಬ್ಬರ ಹೊಲವನ್ನು ಇನ್ನೊಬ್ಬರು ನೋಡಿ ಖಾತ್ರಿ ಕೊಡುವ ಪಿಜಿಎಸ್ ಪದ್ಧತಿ ಅಗ್ಗ. 2017ರ ಆಹಾರ ಸುರಕ್ಷತಾ ನಿಯಮಗಳ ಪ್ರಕಾರ ಪೊಟ್ಟಣದ ಮೇಲೆ ಸಾವಯವ ಎಂದು ಬರೆಯಲು ಇವೆರಡರಲ್ಲಿ ಒಂದು ಬೇಕು. ಆದರೆ ವರ್ಷದ ವಹಿವಾಟು 12 ಲಕ್ಷ ರೂಪಾಯಿ ಮೀರದ ಸಣ್ಣ ಬೆಳೆಗಾರರು ತಾವೇ ನೇರವಾಗಿ ತಿನ್ನುವವರಿಗೆ ಮಾರಿದರೆ ಪ್ರಮಾಣಪತ್ರ ಬೇಡವೆಂದು ಸರ್ಕಾರ ಆಮೇಲೆ ವಿನಾಯಿತಿ ಕೊಟ್ಟಿತು. ಅಂದರೆ ಗಣಪತ ಗಲ್ಲಿಯ ನಮ್ಮ ಆಯಿ ಬುಟ್ಟಿಯ ಮೇಲೆ ‘ಸಾವಯವ’ ಎಂದು ಹಲಗೆ ಇಟ್ಟರೂ ಕಾನೂನು ತಡೆಯುವುದಿಲ್ಲ. ನಾನು ಇದನ್ನು ಹೇಳಿದಾಗ ಅವರಿಗೆ ನಗು ಬಂತು. ‘ಓದಾಕ ಬರೂದಿಲ್ಲ, ಹಲಗಿ ಯಾಕ್ರಿ? ನನ್ನ ಮಾರಿ ಇಲ್ಲೇನ?’

ಮೋರೆ ನೋಡಿ ಕೊಳ್ಳುವುದು ಗಲ್ಲಿಯಲ್ಲಿ ನಡೆಯುತ್ತದೆ. ಆದರೆ ಬೆಳಗಾವಿಯ ತರಕಾರಿಯಲ್ಲಿ ದೊಡ್ಡ ಪಾಲು ದಿನವೂ ಲಾರಿ ಏರಿ ಗೋವಾಕ್ಕೆ ಹೋಗುತ್ತದೆ. ಚೋರ್ಲಾ ಘಾಟಿನಲ್ಲಿ ಗುಡ್ಡ ಜರಿದರೆ ಪಣಜಿಯಲ್ಲಿ ಟೊಮ್ಯಾಟೊ ದರ ಏರುತ್ತದೆ. ಅಲ್ಲಿಗೆ ಆಯಿಯ ಮುಖ ಹೋಗಲಾರದು. ಸಗಟು ಪೇಟೆಯಲ್ಲಿ ತೂತು ಬಿದ್ದ ಎಲೆಗೂ ತೂತಿಲ್ಲದ ಎಲೆಗೂ ಒಂದೇ ತಕ್ಕಡಿ, ತೂತು ಬಿದ್ದದ್ದಕ್ಕೆ ದರ ಕಡಿಮೆ. ಹೀಗಾಗಿ ಸಾವಯವದ ಸಣ್ಣ ತೋಟ ಉಳಿಯಬೇಕಾದರೆ ಊರಿಗೆ ಬಸ್ಸಿನಷ್ಟು ಹತ್ತಿರ ಇರಬೇಕು. ಆ ಹತ್ತಿರದ ನೆಲಕ್ಕೆ ನಾವೇನು ಮಾಡಿದ್ದೇವೆ? ಇಲ್ಲಿಯ ಬಳ್ಳಾರಿ ನಾಲೆಯಲ್ಲಿ ಹೂಳು, ಊರಿನ ಕೊಳೆ ತುಂಬಿ, ಮಳೆಗಾಲದಲ್ಲಿ ಆ ನೀರು ಬಾಸುಮತಿ ಗದ್ದೆಗೆ ನುಗ್ಗುತ್ತದೆ. ಹಲಗಾ–ಮಚ್ಛೆ ಬೈಪಾಸಿಗೆ ಅದೇ ಕಪ್ಪು ನೆಲ ಹೋಗುವುದನ್ನು ತಡೆಯಲು ರೈತರು ವರ್ಷಗಟ್ಟಲೆ ನ್ಯಾಯಾಲಯ, ಬೀದಿ ಎರಡರಲ್ಲೂ ನಿಂತರು. ಚರಂಡಿ ನೀರು ನುಗ್ಗಿದ ಗದ್ದೆಗೆ ಎಷ್ಟು ಡ್ರಮ್ ಜೀವಾಮೃತ ಸುರಿದರೇನು.

ಇನ್ನೊಂದು ಕಡೆ, ನಾವು ತಿಂದು ಬಿಟ್ಟದ್ದು ತುರಮುರಿಯ ಕಸದ ಘಟಕಕ್ಕೆ ಹೋಗುತ್ತದೆ, ಪ್ಲಾಸ್ಟಿಕ್ಕಿನ ಜತೆ ಕಲೆತು. ಹತ್ತೊಂಬತ್ತನೇ ಶತಮಾನದ ಪ್ಯಾರಿಸ್ಸಿನಲ್ಲಿ ಊರಿನ ಕುದುರೆ ಲಾಯಗಳ ಲದ್ದಿ ದಿನವೂ ಊರಂಚಿನ ಪಲ್ಯದ ತೋಟಗಳಿಗೆ ಹೋಗುತ್ತಿತ್ತು, ಆ ತೋಟದ ಪಲ್ಯ ಊರಿಗೆ ಬರುತ್ತಿತ್ತು. ಆಯಿಯ ಹದಿನೈದು ಗುಂಟೆಗೆ ಬೇಕಾದ 3750 ಕಿಲೋ ಗೊಬ್ಬರ ಎಂದರೆ ಟಿಳಕವಾಡಿಯ 47 ಮನೆಗಳ ವರ್ಷದ ಹಸಿ ಕಸ, ಅಷ್ಟೇ. ಒಂದು ಗಲ್ಲಿ.

ಕಳೆದ ಜೂನಿನಲ್ಲಿ, ಮಿರಗದ ಮಳೆ ಬಿದ್ದ ವಾರ, ಆಯಿ ನನಗೆ ಒಂದು ಹೊರೆ ಗೆಣಸಿನ ಬಳ್ಳಿ ತಂದುಕೊಟ್ಟರು. ಬೆಳಗಾವಿಯ ಪಶ್ಚಿಮದ ಹಳ್ಳಿಗಳಿಗೂ ಖಾನಾಪುರಕ್ಕೂ ಗೆಣಸು ಕೈಬಿಡದ ಬೆಳೆ. ಕೆಂಪು ನೆಲದಲ್ಲಿ ಬೋದು ಎಳೆದು ಬಳ್ಳಿಯ ತುಂಡು ಊರಿದರೆ ನಾಲ್ಕು–ಐದು ತಿಂಗಳಿಗೆ ಕೈಗೆ ಬರುತ್ತದೆ. ಬಡ ನೆಲದ ಬೆಳೆ ಅದು. ‘ಗೊಬ್ಬರ ಹೆಚ್ಚಿಗಿ ಹಾಕಬ್ಯಾಡ್ರಿ, ಬರೇ ತಪ್ಪಲಾ ಬರತೈತಿ’ ಎಂದು ಎರಡೆರಡು ಸಲ ಹೇಳಿದರು. ಬೋದು ಬಿರುಕು ಬಿಟ್ಟರೆ ಮಣ್ಣು ಏರಿಸಿ ಮುಚ್ಚಬೇಕು, ಇಲ್ಲವಾದರೆ ಸೊಂಡಿಲ ಹುಳ ಇಳಿಯುತ್ತದೆ ಎಂಬುದನ್ನೂ ಹೇಳಿದರು. ತಿರುವನಂತಪುರದ ಗೆಡ್ಡೆಗೆಣಸು ಸಂಶೋಧನಾ ಸಂಸ್ಥೆಯವರು ಆ ಹುಳಕ್ಕೆ ಮೋಹಕ ಬಲೆ ಇಡಿ ಎನ್ನುತ್ತಾರೆ. ಮಣ್ಣು ಏರಿಸಿ ಎಂದು ಅವರೂ ಹೇಳುತ್ತಾರೆ.

ಬಳ್ಳಿಗೆ ಪ್ರತಿಯಾಗಿ ಏನು ಕೊಡಲಿ ಎಂದೆ. ದುಡ್ಡು ಬೇಡ ಎಂದರು. ಗಿರಾಕಿಗಳು ಮುರಿದು ಬಿಟ್ಟ ಮೂಲಂಗಿ ತಪ್ಪಲು, ಹೂಕೋಸಿನ ಎಲೆ ಸಂಜೆ ಗೋಣಿಯಲ್ಲಿ ತುಂಬಿಕೊಂಡು ಎಮ್ಮೆಗೆ ಒಯ್ಯುವುದು ಅವರ ರೂಢಿ. ನಮ್ಮ ಓಣಿಯದನ್ನೂ ಕೂಡಿಸಿ ತಂದರೆ ಆದೀತೆ ಎಂದೆ. ಆಯಿತು ಎಂದರು. ಈಗ ಶನಿವಾರಕ್ಕೊಮ್ಮೆ ನಮ್ಮ ಓಣಿಯ ಆರು ಮನೆಗಳ ಸಿಪ್ಪೆ–ದಂಟಿನ ಚೀಲ ನನ್ನ ಸ್ಕೂಟರಿನ ಮುಂದೆ ಕೂತು ಗಣಪತ ಗಲ್ಲಿಗೆ ಹೋಗುತ್ತದೆ. ಹೋದ ವಾರ ಆಯಿ ಚೀಲದೊಳಗೆ ಕೈ ಆಡಿಸಿ, ಒಂದು ಹಿಡಿ ಹೊರಗೆ ತೆಗೆದು ನನ್ನ ಮುಂದೆ ಹಿಡಿದರು.

‘ಮಂದೀಗೆ ಹೇಳ್ರಿ ಸಾಹೇಬ್ರ, ಎಮ್ಮಿ ನಿಂಬಿ ಸಿಪ್ಪಿ ತಿನ್ನೂದಿಲ್ಲ.’